ಮನೆಯಲ್ಲೇ ಇರ್ತಾರಲ್ಲ ಅನ್ನುವವರ ಮುಂದೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವವರ ಒಕ್ಕೂಟಕ್ಕೆ ನೀನೇ ಮುಂದಾಳು ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಖುಷಿಯಾಯಿತು. ನೀನು ಕಳಿಸಿದ ಮನವಿಯ ಕರಡನ್ನೂ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಪುಟಗಳನ್ನೆಲ್ಲ ಹುಡುಕಿದರೂ ನೋಡಿಕೊಳ್ಳುವವರೇ ಅದರಲ್ಲಿ ಕಾಣಲಿಲ್ಲ. ಬರೀ ರೋಗಿಯ ಕಷ್ಟ ಇದೆ. ಔಷಧಿ, ಗಾಲಿಕುರ್ಚಿ, ಪಿಂಚಣಿ ಎಲ್ಲವೂ ಬೇಕಾದದ್ದೇ. ಅದನ್ನು ಕೇಳುವ ಸಂಘಗಳು ಆಗಲೇ ಇವೆ, ಅವರ ಜೊತೆ ನಿಂತುಕೋ. ನಿನ್ನ ಕೆಲಸ ಬೇರೆ. ಹಾಸಿಗೆಯ ಪಕ್ಕ ನಿಂತವರ ನಿದ್ದೆ, ಬಿಟ್ಟುಹೋದ ಸಂಬಳ, ಬೆನ್ನುನೋವು, ಇದನ್ನು ಸರ್ಕಾರದ ಕಡತಕ್ಕೆ ತರಬೇಕಾದವಳು ನೀನು.

ನಮ್ಮ ಜನ ಇದನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ. ಅತ್ತೆಯ ಸೇವೆ ಮಾಡಿ ದುಡ್ಡು ಕೇಳೋದಾ ಅನ್ನುವ ಸಂಕೋಚ. ನಿನ್ನ ದೊಡ್ಡಮ್ಮನಿಗೆ ಮರೆವು ಜಾಸ್ತಿಯಾದ ಮೇಲೆ ರಾತ್ರಿ ಎದ್ದು ಬಾಗಿಲು ತೆಗೆದು ಹೊರಡುತ್ತಾಳೆ. ತವರಿಗೆ ಹೋಗಬೇಕು ಅಂತಾಳೆ. ಅದಕ್ಕೇ ಚಿಲಕಕ್ಕೆ ಹಳೇ ಗೆಜ್ಜೆ ಕಟ್ಟಿದ್ದೇನೆ. ಸದ್ದಾದರೆ ಏಳುತ್ತೇನೆ, ಸದ್ದಾಗದಿದ್ದರೂ ಎಚ್ಚರವಾಗುತ್ತದೆ. ಬಂದವರೆಲ್ಲ ಎಂಥಾ ಗಂಡ, ಆಯಮ್ಮ ಪುಣ್ಯ ಮಾಡಿದ್ದಾಳೆ ಅಂತಾರೆ. ಎದುರುಮನೆಯ ಸೊಸೆ ಲಕ್ವ ಹೊಡೆದ ಅತ್ತೆಯನ್ನು ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಿ, ಒರೆಸಿ, ಮೂಗಿನ ನಳಿಕೆಯಲ್ಲಿ ಗಂಜಿ ಹಾಕುತ್ತಾಳೆ. ಅವಳಿಗೆ ಯಾರೂ ಏನೂ ಹೇಳುವುದಿಲ್ಲ. ಅವಳು ಮನೆಯಲ್ಲೇ ಇರ್ತಾಳಲ್ಲ ಅಂತಾರೆ ಅಷ್ಟೇ. ಈ ಒಂದು ಮಾತಿದೆಯಲ್ಲ, ಊರಿನ ಕಟ್ಟೆಯಿಂದ ವಿಧಾನಸೌಧದವರೆಗೆ ನಿನಗೆ ಅಡ್ಡ ಬರುವುದು ಇದೇ. ಅದಕ್ಕೆ ಉತ್ತರ ಕೈಯಲ್ಲಿ ಹಿಡಿದೇ ಹೋಗು.

ಕೇಂದ್ರ ಸರ್ಕಾರವೇ ಮಾಡಿಸಿದ 2024ರ ಸಮಯ ಬಳಕೆ ಸಮೀಕ್ಷೆ ಇದೆ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41 ಜನ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ 21.4, ಅದೂ 74 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ, ಅದನ್ನು ಮುಚ್ಚಿಡಬೇಡ. ನಮ್ಮ ಜಿಲ್ಲೆಯಲ್ಲಿ ಹಾಸಿಗೆ ಹಿಡಿದವರ ಮನೆಗಳ ಲೆಕ್ಕ ಬೇಕಾದರೆ ನೀವೇ ತೆಗೆಯಬೇಕು. ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಿಗೆ ಮನೆಮನೆ ಗೊತ್ತು. ಯಾರು ಕೆಲಸ ಬಿಟ್ಟರು, ಎಷ್ಟು ಸಂಬಳದ ಕೆಲಸ, ಸಾಲ ಎಷ್ಟಾಯಿತು, ರಾತ್ರಿ ಎಷ್ಟು ಸಲ ಏಳಬೇಕು. ಈ ನಾಲ್ಕು ಪ್ರಶ್ನೆ ಸಾಕು. ಅಧಿಕಾರಿಗಳಿಗೆ ಕಣ್ಣೀರಿಗಿಂತ ಪಟ್ಟಿ ಬೇಗ ಅರ್ಥವಾಗುತ್ತದೆ, ಇಷ್ಟು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೂತವನು ಹೇಳ್ತಿದೀನಿ.

ಇಂಗ್ಲೆಂಡಿನ ಮೇರಿ ವೆಬ್‌ಸ್ಟರ್ ಅನ್ನುವವರ ಬಗ್ಗೆ ನೀನು ಓದಲೇಬೇಕು. ಅವರು ಚರ್ಚಿನಲ್ಲಿ ಪಾದ್ರಿಯಾಗಿದ್ದರು. 1954ರಲ್ಲಿ ಆ ಕೆಲಸ ಬಿಟ್ಟು ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಮನೆಗೆ ಬಂದರು. 1963ರಲ್ಲಿ ಪತ್ರಿಕೆಗಳಿಗೆ ಕಾಗದ ಬರೆದರು. ತಂದೆತಾಯಿ ಸೇವೆಯಲ್ಲೇ ಕೆಲಸ, ಗಳಿಕೆ ಎಲ್ಲ ಕಳೆದುಕೊಂಡ ಒಂಟಿ ಹೆಂಗಸರ ಕಥೆ. ಅಂಥದ್ದೇ ಪಾಡಿನವರಿಂದ ಉತ್ತರ ಬಂದವು, 1965ರಲ್ಲಿ ಸಂಘವಾಯಿತು, ಅಲ್ಲಿಂದ ತೆರಿಗೆ ರಿಯಾಯಿತಿ, ಭತ್ಯೆ ಒಂದೊಂದಾಗಿ ಬಂದವು. 1976ರಲ್ಲಿ ಆರೈಕೆ ಮಾಡುವವರಿಗೇ ಅಂತ ಭತ್ಯೆ ಬಂತು. ಆದರೆ ಮದುವೆಯಾದ ಹೆಂಗಸರಿಗೆ ಕೊಡಲಿಲ್ಲ! ಅವರು ಹೇಗೂ ಮನೆಯಲ್ಲೇ ಇರ್ತಾರಲ್ಲ ಅಂತ. ನೋಡು, ಅಲ್ಲೂ ಅದೇ ಮಾತು. ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದ ಜಾಕ್ವೆಲಿನ್ ಡ್ರೇಕ್ ಅನ್ನುವ ಮದುವೆಯಾದ ಹೆಣ್ಣುಮಗಳು ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅದು ಸರಿಹೋಯಿತು. ಯಾವುದೇ ಆದೇಶ ಬಂದರೂ ಸಿಹಿ ಹಂಚುವ ಮೊದಲು ಯಾರನ್ನು ಹೊರಗೆ ಬಿಟ್ಟಿದ್ದಾರೆ ಅಂತ ಓದಿ ನೋಡು.

ನಮ್ಮಲ್ಲೂ ಹಾಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆ ಮಾಡುವವರು ಯಾರು ಅಂತ ಬರೆದಿದ್ದಾರೆ. ಸಂಬಳ ಇರಲಿ ಬಿಡಲಿ, ತಂದೆತಾಯಿ, ಮನೆಯವರು ಎಲ್ಲ ಬರುತ್ತಾರೆ. 24ನೇ ಸೆಕ್ಷನ್‌ನಲ್ಲಿ ಆರೈಕೆ ಭತ್ಯೆಯ ಮಾತೂ ಇದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ ಅಂತ ಮೊದಲೇ ಒಂದು ಮಾತು ಸೇರಿಸಿದ್ದಾರೆ, ಭತ್ಯೆ ಕೇಳಿದಾಗೆಲ್ಲ ಅದನ್ನೇ ತೋರಿಸುತ್ತಾರೆ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರ, ಸ್ನಾಯುಗಳ ತೊಂದರೆ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಿಸಿದರು. ಒಳ್ಳೆಯದೇ ಆಯಿತು. ಆದರೆ ಮರೆವಿನ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಕೇಂದ್ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲೂ ಅದರ ಹೆಸರಿಲ್ಲ. ನಮ್ಮ ಮನೆಗೆ ಬರಲಿ ಅಂತ ಹೇಳುತ್ತಿಲ್ಲ, ನನಗೆ ಪಿಂಚಣಿ ಇದೆ. ಕೂಲಿ ಬಿಟ್ಟು ಅಮ್ಮನನ್ನು ಕಾಯುವವನ ಗತಿ ಏನು? ಕಾಯಿಲೆಯ ಹೆಸರು ನೋಡಬೇಡಿ, ಎಷ್ಟು ಹೊತ್ತು ಇನ್ನೊಬ್ಬರು ಪಕ್ಕದಲ್ಲಿರಬೇಕು ಅನ್ನುವುದನ್ನು ನೋಡಿ ಕೊಡಿ ಅಂತ ಕೇಳು. ಇದು ನಿನ್ನ ಮೊದಲ ಬೇಡಿಕೆಯಾಗಲಿ.

ಎರಡನೆಯದು ಬಿಡುವು. ದುಡ್ಡಿನ ಮಾತನ್ನೇ ಎಲ್ಲರೂ ಆಡುತ್ತಾರೆ, ಆದರೆ ಯಾರನ್ನು ಬೇಕಾದರೂ ಕೇಳು, ವಾರಕ್ಕೊಂದು ಮಧ್ಯಾಹ್ನ ಯಾರಾದರೂ ಬಂದು ಕೂತರೆ ಸಾಕಿತ್ತು, ನನ್ನ ಹಲ್ಲುನೋವು ತೋರಿಸಿಕೊಂಡು ಬರ್ತಿದ್ದೆ ಅಂತಾರೆ. ಹೋಬಳಿಗೊಂದು ಹಗಲು ಆರೈಕೆ ಕೇಂದ್ರ, ತರಬೇತಿ ಪಡೆದ ಬದಲಿ ಆಳು, ಇದನ್ನು ಕೇಳು. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5 ಹಣ ತೆಗೆದಿಡಬೇಕು, ಅದರಲ್ಲಿ ಇದಕ್ಕೆ ದಾರಿ ಇದೆಯಾ ಅಂತ ಗ್ರಾಮಸಭೆಯಲ್ಲೇ ಎತ್ತು. ಬೆಂಗಳೂರಿಗೇ ಹೋಗಬೇಕು ಅಂತಿಲ್ಲ. ಕೆಲಸದಲ್ಲಿರುವವರ ರಜೆಯದ್ದೂ ಬಿಡಬೇಡ. 2024ರಲ್ಲಿ ಸುಪ್ರೀಂ ಕೋರ್ಟ್ ಹಿಮಾಚಲದ ಒಬ್ಬ ಕಾಲೇಜು ಅಧ್ಯಾಪಕಿಯ ಪ್ರಕರಣದಲ್ಲಿ, ಅಂಗವಿಕಲ ಮಗುವಿರುವ ತಾಯಂದಿರ ರಜೆ ನಿಯಮವನ್ನು ಮತ್ತೆ ಪರಿಶೀಲಿಸಿ ಅಂತ ಆ ಸರ್ಕಾರಕ್ಕೆ ಹೇಳಿತು. ಆ ತೀರ್ಪಿನ ಪ್ರತಿ ಇಟ್ಟುಕೋ.

ಇನ್ನು ಸಭೆಗಳ ವಿಷಯ. ಅಧಿಕಾರಿಯ ಮುಂದೆ ನೀನೊಬ್ಬಳೇ ಮಾತಾಡಬೇಡ. ನೋಡಿಕೊಳ್ಳುವವರೇ ಬಾಯಿಬಿಟ್ಟು ಹೇಳಲಿ. ಆದರೆ ಬನ್ನಿ ಅಂತ ಸುಮ್ನೆ ವಾಟ್ಸಾಪ್ ಮಾಡಿದರೆ ಅವರು ಹೇಗೆ ಬರುತ್ತಾರೆ? ಎದುರುಮನೆಯವಳು 11 ಗಂಟೆಯ ಸಭೆಗೆ ಬರಬೇಕಾದರೆ 12ರ ಗಂಜಿ ಯಾರು ಹಾಕಬೇಕು? ಒಕ್ಕೂಟದ ಚಂದಾದಲ್ಲಿ ಮೊದಲ ಖರ್ಚು ಬದಲಿ ಆಳಿನದ್ದೇ ಆಗಲಿ, ಬ್ಯಾನರ್ ಆಮೇಲೆ. ನೋಡಿಕೊಳ್ಳುವ ಗಂಡಸರನ್ನೂ ಕರೆ, ಆದರೆ ವೇದಿಕೆಯನ್ನು ಅವರಿಗೇ ಬಿಟ್ಟುಕೊಡಬೇಡ. ನಮ್ಮನ್ನು ಹೊಗಳುವುದು ಜನಕ್ಕೆ ಸುಲಭ. ನೋಡಿಸಿಕೊಳ್ಳುವವರ ಮಾತನ್ನೂ ಕೇಳು. ಅವರ ಮಾನ ಹೋಗುವಂಥ ಫೋಟೋ, ವಿಡಿಯೊ ಯಾವುದೂ ಮನವಿಯ ಜೊತೆ ಹೋಗಕೂಡದು. ಇದರಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ.

ಸಚಿವರು ಶಾಲು ಹೊದಿಸಿ ತಾಯಂದಿರ ತ್ಯಾಗ ದೊಡ್ಡದು ಅಂತಾರೆ. ನಮಸ್ಕಾರ ಮಾಡಿ, ಆದೇಶ ಯಾವಾಗ ಸರ್ ಅಂತ ಕೇಳು. ಘೋಷಣೆ ಬೇರೆ, ಸರ್ಕಾರಿ ಆದೇಶ ಬೇರೆ, ಲೆಕ್ಕ ಶೀರ್ಷಿಕೆಗೆ, ಅಂದರೆ ಸರ್ಕಾರದ ಲೆಕ್ಕದಲ್ಲಿ ಆ ಖರ್ಚಿಗೆ ಅಂತ ಇಟ್ಟ ಬಾಬ್ತಿಗೆ, ಹಣ ಬೀಳುವುದು ಬೇರೆ, ನೋಡಿಕೊಳ್ಳುವವಳ ಖಾತೆಗೆ ಬರುವುದು ಇನ್ನೂ ಬೇರೆ. ಕೇರಳದಲ್ಲಿ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಇದೆ, ಅಲ್ಲೂ ಬಾಕಿ ಬೆಳೆದು ಜನ ಕಾದು ಕೂರಬೇಕಾಯಿತು. ಶಾಸಕರಿಂದ ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸು, ಆಗ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕಾಗುತ್ತದೆ. ಯಾವ ಪಕ್ಷದವರು ಅಂತ ನೋಡಬೇಡ, ಎರಡೂ ಕಡೆಯವರ ಮನೆಯಲ್ಲೂ ವಯಸ್ಸಾದವರು ಇದ್ದಾರೆ. ಬಜೆಟ್ ಮಂಡನೆಯಾದ ಮೇಲೆ ಹೋಗಿ ಪ್ರಯೋಜನವಿಲ್ಲ, ಡಿಸೆಂಬರ್ ಒಳಗೇ ಇಲಾಖೆಯ ಮೇಜಿನ ಮೇಲೆ ನಿನ್ನ ಕಾಗದ ಇರಬೇಕು.

ಕರಡನ್ನು ತಿದ್ದಿ ಮತ್ತೆ ಕಳಿಸು. ಎರಡು ಪುಟಕ್ಕೆ ಇಳಿಸು, ಬೇಡಿಕೆಗಳು ಮೊದಲ ಪುಟದಲ್ಲೇ ಇರಲಿ. ಅಕ್ಷರ ಸ್ವಲ್ಪ ದೊಡ್ಡದು ಮಾಡು, ನನಗೂ ಓದಲಿಕ್ಕಾಗುತ್ತದೆ. ಕಾಯ್ದೆಯ ಸೆಕ್ಷನ್‌ಗಳನ್ನು ನಾನು ಸರಿನೋಡಿ ಕೊಡುತ್ತೇನೆ. ಹಗಲು ಫೋನ್ ಮಾಡಿದರೆ ದೊಡ್ಡಮ್ಮ ಗಾಬರಿಯಾಗುತ್ತಾಳೆ, ರಾತ್ರಿ ಒಂಬತ್ತರ ಮೇಲೆ ಮಾಡು.

ಇಂತಿ ನಿನ್ನ ದೊಡ್ಡಪ್ಪ