ಮಗಳಿಗೊಂದು ಪತ್ರ: ದಿನಕ್ಕೆಷ್ಟು ಮಿಡಿ?

ಸಾಗರ

ಪ್ರೀತಿಯ ಕೂಸೇ,

ಕೆಲಸ ಬಿಟ್ಟು ಊರಿಗೆ ಬಂದು ಅಪ್ಪೆಮಿಡಿ, ಅದೇ ನಮ್ಮ ಮಲೆನಾಡಿನ ಪರಿಮಳದ ಎಳೆಮಾವಿನ ಉಪ್ಪಿನಕಾಯಿ ಉದ್ಯಮ ಶುರು ಮಾಡುತ್ತೇನೆಂದು ಬರೆದಿದ್ದೀಯ. ತುಂಬಾ ಸಂತೋಷವಾಯಿತು. ನೀನು ಕಳಿಸಿದ ಪಟ್ಟಿಯಲ್ಲಿ ಸಾಲ, ಬಾಟಲಿ, ಲೇಬಲ್ಲು ಎಲ್ಲ ಇದೆ. ದಿನಕ್ಕೆ ಎಷ್ಟು ಮಿಡಿ ತಗೊಳ್ಳುತ್ತೀಯ ಅನ್ನುವುದು ಮಾತ್ರ ಇಲ್ಲ. ನಿನ್ನ ನಿದ್ದೆ, ಊಟ, ಮಗುವಿನ ಜೊತೆ ಕೂರುವ ಹೊತ್ತು ಎಲ್ಲವೂ ಆ ಒಂದು ಲೆಕ್ಕದ ಮೇಲೆ ನಿಂತಿದೆ.

ಮಿಡಿ ನಮಗಾಗಿ ಕಾಯುವುದಿಲ್ಲ. ಮರದಿಂದ ಇಳಿದದ್ದು ಅವತ್ತೇ, ತಡವೆಂದರೆ ಮರುದಿನ ಉಪ್ಪಿಗೆ ಬೀಳಬೇಕು. ಬಾಡಿದರೆ ಸೊನೆಯ ಪರಿಮಳ ಹೋಯಿತು. ಅಪ್ಪೆಗೆ ಬೆಲೆ ಇರುವುದೇ ಆ ಪರಿಮಳಕ್ಕೆ. ಮೊದಲು ಗಡಿಯಾರ ಇಟ್ಟುಕೊಂಡು ಒಂದು ಗಂಟೆ ಕೂತು ನೋಡು. ಅರ್ಧ ಅಂಗುಲ ತೊಟ್ಟು ಉಳಿಸಬೇಕು, ಪೆಟ್ಟು ಬಿದ್ದದ್ದನ್ನು ಆರಿಸಿ ತೆಗೆಯಬೇಕು, ತೊಳೆದು ಬಟ್ಟೆಯಲ್ಲಿ ನೀರಿನ ಪಸೆ ಇಲ್ಲದ ಹಾಗೆ ಒರೆಸಬೇಕು. ಹೀಗೆ ಎಷ್ಟು ನೂರು ಮಿಡಿ ಆಯಿತೋ ಅದನ್ನು ದಿನಕ್ಕೆ 5 ಗಂಟೆ ಕೆಲಸವೆಂದು 5ರಿಂದ ಗುಣಿಸು. ನಿನ್ನೊಬ್ಬಳ ದಿನದ ಖರೀದಿ ಅಷ್ಟೇ. ಇಬ್ಬರು ಹೆಂಗಸರು ಕೆಲಸಕ್ಕೆ ಬಂದರೆ ಅವರ ಲೆಕ್ಕ ಬೇರೆ ಸೇರಿಸು. 8 ಗಂಟೆಯಿಂದ ಗುಣಿಸಬೇಡ. ಉಳಿದ ಹೊತ್ತು ಭರಣಿಗೆ, ಫೋನಿಗೆ, ಲೆಕ್ಕದ ಪುಸ್ತಕಕ್ಕೆ ಬೇಕು.

ರೇಟು ಇಳಿದಿದೆ ಎಂದು ಎರಡು ಚೀಲ ಹೆಚ್ಚಿಗೆ ತಂದರೆ ರಾತ್ರಿ ಒಂದು ಗಂಟೆಗೆ ಕಣ್ಣು ಎಳೆಯುವಾಗ ಪೆಟ್ಟುಬಿದ್ದ ಮಿಡಿಯೂ ಭರಣಿಗೆ ಹೋಗುತ್ತದೆ. ಅಂಥ ನಾಲ್ಕು ಮಿಡಿ ಮೆತ್ತಗಾದರೆ ಇಡೀ ಭರಣಿ ಕೆಡುತ್ತದೆ. ನಿದ್ದೆಗೆಟ್ಟು ಮಾಡಿದ ಸರಕು ಮಳೆಗಾಲದಲ್ಲಿ ವಾಪಸ್ ಬರುತ್ತದೆ.

ಉಪ್ಪಿನಲ್ಲಿ ಜಿಪುಣತನ ಮಾಡಬೇಡ. 4 ಅಳತೆ ಮಿಡಿಗೆ 1 ಅಳತೆ ಹರಳುಪ್ಪು, ಒಂದು ಪದರ ಮಿಡಿ, ಒಂದು ಪದರ ಉಪ್ಪು. ಮೇಲೆ ಭಾರ ಇಡು; ಉಪ್ಪುನೀರಿನಿಂದ ಮೇಲೆದ್ದ ಮಿಡಿಗೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕೈಯಾಡಿಸಿದರೆ 15-20 ದಿನದಲ್ಲಿ ಚೆನ್ನಾಗಿ ಚಿರುಟುತ್ತದೆ. ಆ ನೀರನ್ನು ಬಸಿದು ಕುದಿಸಿ, ಪೂರ್ತಿ ಆರಿದ ಮೇಲೆಯೇ ಸಾಸಿವೆ, ಮೆಣಸಿನ ಖಾರಕ್ಕೆ ಬಳಸು. ಬಿಸಿ ಇದ್ದಾಗಲೇ ಸುರಿದರೆ ಮಿಡಿ ಬೆಂದು ಮೆತ್ತಗಾಗುತ್ತದೆ.

ನಿನಗೆ ಬಿಡುವು ಸಿಗುವುದೂ ಇಲ್ಲೇ, ಗಮನಿಸು. ಉಪ್ಪಿನಲ್ಲಿ ಸರಿಯಾಗಿ ಕೂತ ಮಿಡಿ ವರ್ಷವಿಡೀ ಕಾಯುತ್ತದೆ. ಖಾರವನ್ನು ಆರ್ಡರ್ ಬಂದಂತೆ ಕಲಸಬಹುದು, ವಾರಕ್ಕೆ ಎರಡೇ ದಿನ ಇಟ್ಟುಕೋ. ಮಿಡಿಕಾಲದ ಎರಡು ತಿಂಗಳು ಮನೆಯವರೆಲ್ಲ ಹೊಂದಿಕೊಳ್ಳಲಿ, ಅದನ್ನು ಅಳಿಯಂದಿರ ಹತ್ತಿರ ಈಗಲೇ ಕೂತು ಮಾತಾಡು. ಉಳಿದ ಹತ್ತು ತಿಂಗಳು ಸಂಜೆ ಆರರ ಮೇಲೆ ಆರ್ಡರ್ ಫೋನು ಎತ್ತಬೇಡ.

ಯಾರಿಗೆ ಮೊದಲು ದುಡ್ಡು ಕೊಡುತ್ತೀಯ ಅನ್ನುವುದನ್ನೂ ಬರೆದಿಡು. ಹೊಳೆಸಾಲಿನ ಮರ ಹತ್ತಿ ಮಿಡಿ ಇಳಿಸುವವರಿಗೆ ಅವತ್ತೇ ಕೈಗೆ ಕೊಡು. ಟೊಂಗೆ ಕಡಿದು ತಂದ ಮಿಡಿ ಎಷ್ಟೇ ಅಗ್ಗವಿದ್ದರೂ ಬೇಡ. ಮುಂದಿನ ವರ್ಷದ ಹೂವು ಬಿಡಬೇಕಾದ್ದು ಆ ಟೊಂಗೆಯಲ್ಲೇ. ಕಾಟುಮಾವಿನ ಮಿಡಿ ಬೆರೆಸಿ ಅಪ್ಪೆ ಅಂತ ಮಾರಬೇಡ. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಗುರುತು (ಜಿಐ), ಅಂದರೆ ಈ ಸೀಮೆಯದ್ದೇ ಎಂಬ ಸರ್ಕಾರಿ ಮುದ್ರೆ ಸಿಕ್ಕಿದೆ, ಆ ಹೆಸರು ಇಡೀ ಮಲೆನಾಡಿನದು. ಬೆರೆಸಿ ಮಾರಿದರೆ ಮರ ಸಾಕಿದವರ ಬಾಯಿಗೆ ಮಣ್ಣು ಹಾಕಿದ ಹಾಗಾಗುತ್ತದೆ.

ಅಂಗಡಿಯವರ ಉದ್ರಿ ನಿನ್ನನ್ನು ಹೆಚ್ಚು ಕಾಡುತ್ತದೆ. ಮಿಡಿಗೆ ಹಾಕಿದ ದುಡ್ಡು ಒಂದೇ ಸಲ ಹೋಗುತ್ತದೆ, ಬರುವುದು ಚೂರುಚೂರು. ಸರ್ಕಾರದಲ್ಲಿ ಸಣ್ಣ ಉದ್ಯಮವೆಂದು ಹೆಸರು ಬರೆಸುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೋ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಂತೆ ಕರಾರು ಬರೆದಿದ್ದರೂ 45 ದಿನ ಮೀರುವಂತಿಲ್ಲ, ಕರಾರೇ ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಬರಬೇಕು. ಹಳೆ ಬಾಕಿ ತೀರಿಸದವರಿಗೆ ಹೊಸ ಡಬ್ಬಿ ಇಲ್ಲವೆಂದು ಮೊದಲ ದಿನವೇ ಹೇಳು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರು ಬಂದಮೇಲೆ ಲೇಬಲ್ ಅಚ್ಚು ಹಾಕಿಸು. ಬ್ಯಾಂಕ್ ಖಾತೆ ಬೇರೆ ಇರಲಿ. ಚಿಕ್ಕದಾದರೂ ಸರಿ, ನಿನಗೊಂದು ಸಂಬಳ ತಿಂಗಳಾ ಅದರಿಂದ ಹೊರಗೆ ಬರಲಿ. ಇಲ್ಲವಾದರೆ ನಷ್ಟ ಮನೆಖರ್ಚಿನಲ್ಲಿ ಅಡಗಿ ಕೂರುತ್ತದೆ, ಗೊತ್ತೇ ಆಗುವುದಿಲ್ಲ.

ಭರಣಿಗಳನ್ನು ಜನವರಿಯಲ್ಲೇ ತೊಳೆದು ಬಿಸಿಲಿಗಿಡು. ಆ ಒಂದು ಗಂಟೆಯ ಲೆಕ್ಕ ಎಷ್ಟು ಬಂತೆಂದು ಬರೆ.

ನಿನ್ನ ಅಮ್ಮ