ಗಣಪತಿ ಮಾಡಲು ಹೋದವನ ಪತ್ರ

ಲೇ ಮಾರಾಯ,

ಫೋನ್ ಮಾಡುವುದು ಬಿಟ್ಟು ಊರೆಲ್ಲ ಓದುವ ಹಾಗೆ ಪತ್ರ ಬರೆಯುತ್ತಾನಲ್ಲ ಅಂತ ಬೈಬೇಡ. ಫೋನಿನಲ್ಲಿ ನಾನೇನು ಮಾಡುತ್ತೇನೆ ಅಂತ ನಿನಗೆ ಗೊತ್ತಲ್ಲ.

ಹೋದ ವಾರ ಇಲ್ಲಿ ಸಿಂಕಿನ ಕೆಳಗಿನ ಪೈಪು ಸೋರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ, ಮೇಲೆ ತಂತಿ ಬಿಗಿದೆ. ಪಕ್ಕದ ಮನೆಯ ಇಂಗ್ಲಿಷ್ ತಾತ ಬಗ್ಗಿ ನೋಡಿ 'ಬಾಡ್ಜ್' (bodge) ಅಂದ. ನನ್ನ ಮುಖ ಸಣ್ಣದಾಯಿತು. ಆಮೇಲೆ ತಿಳಿಯಿತು, ಅದು ಪೂರ್ತಿ ಬೈಗುಳವಲ್ಲ. ಬಾಡ್ಜ್ ಅಂದರೆ ನೋಡೋಕೆ ಗಲೀಜು, ಆದರೆ ನೀರು ನಿಲ್ಲುತ್ತದೆ. ಬೈಗುಳದ ಪದ ಬೇರೆ ಇದೆ, 'ಬಾಚ್' (botch). ಬಾಚ್ ಅಂದರೆ ನೀರೂ ನಿಲ್ಲಲ್ಲ, ಇದ್ದ ಪೈಪೂ ಹೋಯಿತು. (ಬಾಚಣಿಗೆಗೂ ಇದಕ್ಕೂ ಸಂಬಂಧವಿಲ್ಲ.) ಆಪರೇಷನ್ ಕೆಟ್ಟರೂ ಬಾಚ್, ಕಳ್ಳತನ ಕೆಟ್ಟರೂ ಬಾಚ್.

ತಮಾಷೆ ಏನು ಗೊತ್ತಾ? 14ನೇ ಶತಮಾನದಲ್ಲಿ ಆ ಪದಕ್ಕೆ ರಿಪೇರಿ ಮಾಡು, ತೇಪೆ ಹಾಕು ಅಂತಲೇ ಅರ್ಥ. ಅದೆಂಥ ತೇಪೆ ಹಾಕಿದರೋ, ಬರುಬರುತ್ತಾ ಕೆಡಿಸು ಅಂತಾಯಿತು. 2012ರಲ್ಲಿ ಸ್ಪೇನಿನ ಬೋರ್ಹಾದಲ್ಲಿ ಸೆಸಿಲಿಯಾ ಹಿಮೆನೆಸ್ ಅನ್ನುವ ಅಜ್ಜಿ ಚರ್ಚಿನ ಗೋಡೆಯ ಮೇಲಿದ್ದ, ಬಣ್ಣ ಉದುರುತ್ತಿದ್ದ ಯೇಸುವಿನ ಚಿತ್ರ ಸರಿಮಾಡಲು ಹೋದರಲ್ಲ, ಇಂಗ್ಲಿಷ್ ಪತ್ರಿಕೆಗಳು ಅದಕ್ಕೂ ಇದೇ ಪದ ಹಾಕಿದವು. ನಾವಾದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಿದ್ವಿ. ಆ ಫೋಟೋ ನಿನಗೆ ಕಳಿಸಿ ನಾನೂ ನಕ್ಕಿದ್ದೆ. ಈಗ ನಗು ಬರಲ್ಲ. ಪಾಪ, ಆಕೆ ಹಾಳು ಮಾಡಬೇಕು ಅಂತ ಕುಂಚ ಹಿಡಿದಿರಲಿಲ್ಲ.

ನಿಮ್ಮಮ್ಮ ಹೋದ ಮೂರನೇ ದಿನ ಫೋನ್ ಮಾಡಿದ್ದೆನಲ್ಲ. ಏನು ಹೇಳಬೇಕು ಅಂತ ಕರೆಂಟ್ ಬಿಲ್ಲಿನ ಹಿಂದೆ ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದೆ ಕಣೋ. ಮೊದಲನೆಯದು, ಸಾಕು ಅಂದರೂ ಅವರು ನನ್ನ ತಟ್ಟೆಗೆ ಹಾಕುತ್ತಿದ್ದ ಆ ಇನ್ನೊಂದು ದೋಸೆ ಬಗ್ಗೆ. ನಿನ್ನ 'ಹಲೋ' ಕೇಳಿದ್ದೇ ಗಾಬರಿಯಾಗಿ, ವಿಮಾನದ ಟಿಕೆಟ್ ಎಷ್ಟು ಜಾಸ್ತಿಯಾಗಿದೆ, ಬರೋಕಾಗಲ್ಲ ಅಂತ ಶುರುಮಾಡಿದವನು ಹನ್ನೊಂದು ನಿಮಿಷ ಅದನ್ನೇ ಕೊರೆದೆ. ನೀನು ಸುಮ್ನೆ 'ಹೌದಾ, ಹೌದಾ' ಅಂತಿದ್ದೆ. ನಾನು ಟಿಕೆಟ್ ರೇಟ್ ನೋಡಿಯೇ ಇರಲಿಲ್ಲ.

ಇದನ್ನು ಬರೆಯೋಕೆ ಕೂತಿರಲಿಲ್ಲ. ಉಳಿದವರೆಲ್ಲ ಲೈಕ್ ಒತ್ತಿ ಮುಂದೆ ಹೋಗಿ, ಇಲ್ಲೇನೂ ನಡೆದಿಲ್ಲ.

ನೀನು ಪೈಪಿನ ಫೋಟೋ ನೋಡು. ಮೂಡಿಗೆರೆ ಸ್ಕೂಟರಿಗೆ ಹಾಕಿದ್ದ ಅದೇ ಗಂಟು. ಒಂದು ವಾರವಾಯಿತು, ನೆಲಕ್ಕೆ ಒಂದು ಹನಿ ಬಿದ್ದಿಲ್ಲ. ಕೆಳಗೆ ಬಕೆಟ್ ಇಟ್ಟಿದ್ದೇನೆ, ಅದು ಬೇರೆ ವಿಷಯ.