ಬಣ್ಣ ನೋಡಿ ಹೆಸರು ಬರೆಯಬೇಡ

ಪ್ರೀತಿಯ ಪುಟ್ಟಿಗೆ, ಸೋದರಮಾವನ ಆಶೀರ್ವಾದಗಳು.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಏರೋಪ್ಲೇನ್ ಚಿಟ್ಟೆಗಳನ್ನೇ ಆರಿಸಿಕೊಂಡಿದ್ದೀಯ ಅಂತ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಜಿಲ್ಲೆಯಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡುತ್ತೇನೆ ಅಂದಿದ್ದೀಯಲ್ಲ, ಅದು ಬೇಡ ಮಗಳೇ. ಲಿಬೆಲ್ಲುಲಿಡೆ ಕುಟುಂಬವೊಂದರಲ್ಲೇ ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದೇ ಒಂದು ಕುಲ ಹಿಡಿದು ಕೂರು. ನನ್ನನ್ನು ಕೇಳಿದರೆ, ಟ್ರೈಥೆಮಿಸ್.

ಈ ಕುಲದಲ್ಲಿ ನಾನು ಎಡವಿದ್ದು ನಿನಗೆ ಗೊತ್ತಿರಲಿ. ತೋಟದ ಕೆಳಗಿನ ಹಳ್ಳದಲ್ಲಿ ನೇರಳೆ ಬೆರೆತ ಗುಲಾಬಿ ಬಣ್ಣದ್ದೊಂದು, ಅರಿಶಿನ ಬಣ್ಣದ್ದೊಂದು ಕಾಣುತ್ತಿತ್ತು. ಎರಡು ವರ್ಷ ಅವನ್ನು ಬೇರೆ ಬೇರೆ ಪ್ರಭೇದ ಅಂತಲೇ ಬರೆದುಕೊಂಡೆ. ಒಂದು ದಿನ ಬೆಳಿಗ್ಗೆ ಗುಲಾಬಿಯದು ಬಾಲದ ತುದಿಯಿಂದ ಅರಿಶಿನದ್ದರ ಕತ್ತು ಹಿಡಿದುಕೊಂಡು ನೀರಿನ ಮೇಲೆ ಹಾರಿತು. ಸ್ವಲ್ಪ ಹೊತ್ತಿಗೆ ಹೆಣ್ಣು ಅಲ್ಲೇ ಬಾಲವನ್ನು ನೀರಿಗೆ ಅದ್ದಿ ಅದ್ದಿ ಮೊಟ್ಟೆ ಇಟ್ಟಿತು. ಎರಡೂ ಟ್ರೈಥೆಮಿಸ್ ಅರೋರಾ! ಎಳೆಯ ಗಂಡು ಕೂಡ ಹೆಣ್ಣಿನ ಬಣ್ಣದಲ್ಲೇ ಇರುತ್ತದೆ, ಬಲಿತ ಮೇಲೆ ಗುಲಾಬಿ ಏರುತ್ತದೆ. ನನ್ನ ಎರಡು ವರ್ಷದ ಲೆಕ್ಕವನ್ನೆಲ್ಲ ಹೊಡೆದುಹಾಕಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಬಣ್ಣವನ್ನು ಕಡೆಗೆ ನೋಡು. ರೆಕ್ಕೆಯ ನರಗಳು, ರೆಕ್ಕೆ ಬುಡದ ಮಚ್ಚೆ, ಗಂಡಿನ ಹೊಟ್ಟೆಯ ಎರಡನೇ ಖಂಡದ ಅಡಿಭಾಗ, ಇವನ್ನು ಲೆನ್ಸ್ ಹಿಡಿದು ನೋಡಿ ಚಿತ್ರ ಬರೆದುಕೋ. ಫೋಟೋ ಒಂದೇ ಸಾಲದು.

ನಮ್ಮ ಕಡೆ ಸಿಗುವುದು ಅರೋರಾ ಸೇರಿ ನಾಲ್ಕು. ಫೆಸ್ಟೀವಾ ಗಂಡು ಕಪ್ಪು ನೀಲಿ, ಹರಿಯುವ ನೀರಿನ ಬಂಡೆ ಅದಕ್ಕೆ ಇಷ್ಟ. ಪ್ಯಾಲಿಡಿನರ್ವಿಸ್ ಉದ್ದ ಕಾಲಿನದು, ಎತ್ತರದ ಜೊಂಡಿನ ತುದಿಯಲ್ಲಿ ಕೂರುತ್ತದೆ. ಅದನ್ನು 1889ರಲ್ಲಿ ಮೊದಲು ವರ್ಣಿಸಿದವರು ಕೀಟಶಾಸ್ತ್ರಜ್ಞ ಕಿರ್ಬಿ. ಎರಡು ವರ್ಷದ ನಂತರ ಸೆಲಿಸ್ ಅದೇ ಕಿರ್ಬಿಯ ಹೆಸರನ್ನು ಇನ್ನೊಂದಕ್ಕೆ ಇಟ್ಟರು. ರೆಕ್ಕೆ ಬುಡದಲ್ಲಿ ಅಗಲವಾದ ಕಿತ್ತಳೆ ಮಚ್ಚೆಯಿರುವ ಆ ಕೆಂಪು ಕಿರ್ಬಿಯೈ ಆಫ್ರಿಕಾದಲ್ಲೂ ಉಂಟು, ಈಗ ಸ್ಪೇನ್‌ವರೆಗೂ ಹಬ್ಬಿದೆ. ಈ ಕುಲದ ಬಹುಪಾಲು ಬಳಗ ಇರುವುದೇ ಆಫ್ರಿಕಾದಲ್ಲಿ. ಬರ್ಮೈಸ್ಟರ್ 1839ರಲ್ಲಿ ಅರೋರಾವನ್ನು ಲಿಬೆಲ್ಲುಲಾ ಎಂಬ ಕುಲದ್ದು ಅಂತ ಬರೆದಿದ್ದರು. ಬ್ರೌವರ್ ಟ್ರೈಥೆಮಿಸ್ ಕುಲವನ್ನು ಕಟ್ಟಿದ್ದು 1868ರಲ್ಲಿ. ಹಾಗಾಗಿ ಹಳೆಯ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಗಾಬರಿಯಾಗಬೇಡ. ಏರೋಪ್ಲೇನ್ ಚಿಟ್ಟೆಗಳ ಬಗ್ಗೆ ಫ್ರೇಸರ್ ಬರೆದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಪುಸ್ತಕದ 1936ರ ಮೂರನೇ ಸಂಪುಟವನ್ನು ಲೈಬ್ರರಿಯಲ್ಲಿ ಕೇಳಿ ಪಡೆದು ಓದು. ಹೊಸ ಪ್ರಭೇದ ಸಿಕ್ಕಿತು ಅಂತ ಅನ್ನಿಸಿದರೂ ಯಾರಿಗೂ ಹೇಳುವ ಮೊದಲು ಹತ್ತು ಗಂಡು, ಹತ್ತು ಹೆಣ್ಣು ನೋಡು.

ಮಳೆ ನಿಂತು ಹಳ್ಳ ತಿಳಿಯಾದ ಮೇಲೆ ನಾಲ್ಕು ದಿನ ಬಂದು ಇರು. ಬಿಸಿಲೇರುವ ಹೊತ್ತಿಗೆ ಕಡ್ಡಿಯ ತುದಿಯಲ್ಲಿ ಕೂತ ಅರೋರಾ, ಮೆಟ್ಟಿಲು ಇಳಿದ ಹಾಗೆ ರೆಕ್ಕೆಗಳನ್ನು ತಡೆದು ತಡೆದು ಮುಂದಕ್ಕೆ ತಗ್ಗಿಸುವುದನ್ನು ತೋರಿಸುತ್ತೇನೆ. ನಿನ್ನ ಅತ್ತೆ ಈಗಲೇ ಮಾವಿನ ಮಿಡಿ ಉಪ್ಪಿನಕಾಯಿ ನಿನಗೆಂದು ತೆಗೆದಿಟ್ಟಿದ್ದಾಳೆ. ಲೆನ್ಸ್ ಮರೆಯದೆ ತಾ, ನನ್ನದು ಗೀರು ಬಿದ್ದಿದೆ.

ಇಂತಿ,
ನಿನ್ನ ಮಾವ